ಮಾಸಾಯಿ ಬಯಲಿಗೆ ಬೇಲಿ ಬಂದ ಮೇಲೆ

ಕೀನ್ಯಾದ ರಾಜಧಾನಿ ನೈರೋಬಿಗೆ ಅಂಟಿಕೊಂಡೇ ಒಂದು ರಾಷ್ಟ್ರೀಯ ಉದ್ಯಾನವಿದೆ. 1946ರಲ್ಲಿ ಶುರುವಾದದ್ದು. ವಿಸ್ತೀರ್ಣ ಬರೀ 117 ಚದರ ಕಿಲೋಮೀಟರ್. ನಗರದ ಕಡೆಗೆಲ್ಲ ಬೇಲಿ ಇದೆ, ದಕ್ಷಿಣದ ಕಡೆ ಇಲ್ಲ. ಅಲ್ಲಿಂದಾಚೆ ಮಾಸಾಯಿ ದನಗಾಹಿಗಳ ಆಥಿ-ಕಪುಟೈ ಬಯಲು.

ಮಳೆ ಬಿದ್ದ ಕೂಡಲೇ ಉದ್ಯಾನದ ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ, ಹುಲ್ಲು ಮೇಯುವ ಕಾಡುಪ್ರಾಣಿಗಳು) ಈ ಬಯಲಿಗೆ ಹೊರಡುತ್ತವೆ. ಅಲ್ಲಿ ಹುಲ್ಲು ಗಿಡ್ಡ, ಆದರೆ ಸತ್ವ ಜಾಸ್ತಿ. ಸಿಂಹ ಬಂದರೆ ದೂರದಿಂದಲೇ ಕಾಣುತ್ತದೆ. ಮರಿ ಹಾಕೋದಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಬಯಲು ಒಣಗಿದಾಗ ನೀರಿಗಾಗಿ ಮತ್ತೆ ಉದ್ಯಾನಕ್ಕೆ ಬರುತ್ತವೆ.

1970ರ ದಶಕದ ಕೊನೆಯಲ್ಲಿ ಈ ಭಾಗದಲ್ಲಿ ಸುಮಾರು 27 ಸಾವಿರ ವೈಲ್ಡ್‌ಬೀಸ್ಟ್‌ಗಳಿದ್ದವು. 2010ರ ದಶಕದ ಹೊತ್ತಿಗೆ ಉಳಿದದ್ದು 3 ಸಾವಿರಕ್ಕಿಂತ ಕಡಿಮೆ. ಕಳ್ಳಬೇಟೆಯ ಪಾಲೂ ಇದರಲ್ಲಿದೆ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಜಮೀನು ತುಂಡಾದದ್ದರಿಂದ. 1968ರ ಕಾನೂನು ಇಲ್ಲಿನ ನೆಲವನ್ನು ಗುಂಪುಗಳ ಹೆಸರಿಗೆ ಬರೆದಿತ್ತು. 80ರ ದಶಕದಿಂದ ಅದು ಮನೆಮನೆಗೆ ಪಾಲಾಯಿತು. ನೈರೋಬಿ ಬೆಳೆದಂತೆ ಪಾಲುಗಳು ಸೈಟುಗಳಾದವು, ಕ್ವಾರಿಗಳಾದವು. ಒಂದೊಂದಕ್ಕೂ ಸುತ್ತ ತಂತಿ ಬೇಲಿ ಬಂತು.

ಮಾಸಾಯಿಗಳು ಬೇಲಿ ಹಾಕುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ತಿಳಿಯದೆ ಅವರನ್ನು ದೂರುವುದು ತಪ್ಪು. ವೈಲ್ಡ್‌ಬೀಸ್ಟ್ ಮರಿಗಳ ಮೂಗು, ಕಣ್ಣಿನಿಂದ ಇಳಿಯುವ ನೀರಿನಲ್ಲಿ ಒಂದು ಜಾತಿಯ ಹರ್ಪಿಸ್ ವೈರಸ್ ಇರುತ್ತದೆ. ಮರಿಗೆ ಅದರಿಂದ ಏನೂ ಆಗುವುದಿಲ್ಲ. ಆ ನೀರು ಬಿದ್ದ ಹುಲ್ಲನ್ನು ಹಸು ಮೇಯ್ದರೆ ವೈರಸ್ ಅದಕ್ಕೆ ಅಂಟುತ್ತದೆ. ಜೋರು ಜ್ವರ ಬರುತ್ತದೆ, ಮೂಗು ಸೋರುತ್ತದೆ, ಕಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ರೋಗ ಕಾಣಿಸಿಕೊಂಡ ಹಸು ಬದುಕುವುದು ತೀರಾ ಅಪರೂಪ. ಮರಿಗಳು ವೈರಸ್ ಹರಡುವುದು ಹುಟ್ಟಿದ ಮೊದಲ ಕೆಲವು ತಿಂಗಳು ಮಾತ್ರ. ಹಿಂದೆ ಮಾಸಾಯಿಗಳು ಅಷ್ಟು ದಿನ ಆ ಹುಲ್ಲುಗಾವಲನ್ನು ಪ್ರಾಣಿಗಳಿಗೇ ಬಿಟ್ಟು ದನಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗುತ್ತಿದ್ದರು. ಎಷ್ಟು ಚೆಂದದ ಹೊಂದಾಣಿಕೆ ಅಲ್ವಾ! ಈಗ ಇರುವುದೇ ಒಂದು ತುಂಡು ಜಮೀನು. ದನ ಹೊಡೆದುಕೊಂಡು ಹೋಗುವುದಾದರೂ ಎಲ್ಲಿಗೆ?

2000ದಲ್ಲಿ ಒಂದು ಬಾಡಿಗೆ ಯೋಜನೆ ಶುರುವಾಯಿತು. ಬೇಲಿ ಹಾಕದೆ, ಜಮೀನು ಮಾರದೆ ಪ್ರಾಣಿಗಳಿಗೆ ದಾರಿ ಬಿಟ್ಟರೆ ಎಕರೆಗೆ ವರ್ಷಕ್ಕೆ 4 ಡಾಲರ್. ಮಕ್ಕಳ ಶಾಲೆ ಫೀಸು ಕಟ್ಟುವ ಹೊತ್ತಿಗೆ ಸರಿಯಾಗಿ ಹಣ ಕೈಸೇರುತ್ತಿತ್ತು. ಅನೇಕ ಕುಟುಂಬಗಳು ಒಪ್ಪಿಕೊಂಡವು. ಆದರೆ ನಗರದ ಪಕ್ಕದ ಸೈಟಿನ ರೇಟಿನ ಮುಂದೆ 4 ಡಾಲರ್ ಏನೇನೂ ಅಲ್ಲ.

2020ರಲ್ಲಿ ಬಂದ ಉದ್ಯಾನದ ಕರಡು ಯೋಜನೆಯಲ್ಲಿ ದಕ್ಷಿಣಕ್ಕೂ ಬೇಲಿ ಹಾಕುವ ಮಾತಿತ್ತು. ಅದಕ್ಕೆ ಜೋರು ವಿರೋಧ ಬಂತು, ಬರಬೇಕಾದದ್ದೇ. ದಕ್ಷಿಣದಲ್ಲಿ ಬೇಲಿಯಿಲ್ಲದ ಜಮೀನು ಇನ್ನೂ ಉಳಿದಿದೆ. ಬೇಲಿಗೆ ಸುರಿಯುವ ದುಡ್ಡನ್ನು ಆ ಜಮೀನಿನವರಿಗೆ ಬಾಡಿಗೆಯಾಗಿ ಕೊಡಲಿ, ಅದೂ ಇವತ್ತಿನ ರೇಟಿಗೆ ತಕ್ಕ ಹಾಗೆ.