ಯೂರೋವಿಷನ್‌ನಿಂದ ಟರ್ಕಿ ಎದ್ದು ಹೋದದ್ದು ಯಾಕೆ?

ಯೂರೋಪಿನ ದೇಶಗಳು ತಲಾ ಒಂದು ಹಾಡು ಕಳಿಸಿ, ಟೀವಿಯ ನೇರಪ್ರಸಾರದಲ್ಲೇ ಒಬ್ಬರ ಹಾಡಿಗೆ ಇನ್ನೊಬ್ಬರು ಅಂಕ ಕೊಡುವ ಯೂರೋವಿಷನ್ ಸ್ಪರ್ಧೆ ಶುರುವಾದದ್ದು 1956ರಲ್ಲಿ. ಟರ್ಕಿ ಇದರಲ್ಲಿ 34 ಸಲ ಹಾಡಿದೆ, ಒಂದು ಸಲ ಗೆದ್ದಿದೆ. 2012ರ ನಂತರ ಆ ಕಡೆ ತಲೆ ಹಾಕಿಲ್ಲ. ಯಾಕೆ ಅಂತ ಕೇಳಿದರೆ ಕೆಲವರು ಅಂಕದ ಲೆಕ್ಕ ಹೇಳುತ್ತಾರೆ, ಕೆಲವರು ಸಂಸ್ಕೃತಿಯ ಮಾತಾಡುತ್ತಾರೆ, ಇನ್ನು ಕೆಲವರು ರಾಜಕೀಯ ಅಂದು ಸುಮ್ಮನಾಗುತ್ತಾರೆ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಯಾವ ಕಾರಣ ಯಾವಾಗ ಬಂತು ಅನ್ನುವುದನ್ನು ಸಾಲಾಗಿ ಇಟ್ಟು ನೋಡಿದರೆ ಕಥೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಮೊದಲ ಹೆಜ್ಜೆಯಲ್ಲೇ ರಾಜಕೀಯ ಜೊತೆಗಿತ್ತು. 1974ರಲ್ಲಿ ಟರ್ಕಿಯ ಸೇನೆ ಗ್ರೀಕ್ ಭಾಷಿಕರೇ ಹೆಚ್ಚಿರುವ ದ್ವೀಪದೇಶ ಸೈಪ್ರಸ್‌ಗೆ ಇಳಿಯಿತು. ಮರುವರ್ಷ ಟರ್ಕಿ ಸ್ಪರ್ಧೆಗೆ ಬಂದಾಗ ಗ್ರೀಸ್ ಹೊರಗುಳಿಯಿತು. ಸೆಮಿಹಾ ಯಾಂಕಿ ಹಾಡಿದ ಆ ಚೊಚ್ಚಲ ಹಾಡಿಗೆ ಸಿಕ್ಕಿದ್ದು 3 ಅಂಕ, ಕೊನೆಯ ಸ್ಥಾನ. 1976ರಲ್ಲಿ ಅದಲು ಬದಲು: ಗ್ರೀಸ್ ಸೈಪ್ರಸ್‌ನ ನೋವಿನ ಹಾಡನ್ನೇ ಹಿಡಿದು ಬಂತು, ಟರ್ಕಿ ಹೋಗಲಿಲ್ಲ. ಆದರೂ ಅಲ್ಲಿನ ಸರ್ಕಾರಿ ವಾಹಿನಿ ಟಿಆರ್‌ಟಿ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಗ್ರೀಸಿನ ಸರದಿ ಬಂದಾಗ ಮಾತ್ರ ಆ ಹಾಡನ್ನು ಕತ್ತರಿಸಿ ತನ್ನದೊಂದು ದೇಶಭಕ್ತಿಗೀತೆ ಹಾಕಿತು.

1979ರಲ್ಲಿ ಸ್ಪರ್ಧೆ ಜೆರುಸಲೇಮಿನಲ್ಲಿತ್ತು. ಟರ್ಕಿಯ ಹಾಡು ಆಯ್ಕೆಯಾಗಿ ಸಿದ್ಧವಿತ್ತು. ಅರಬ್ ದೇಶಗಳಿಂದ ಒತ್ತಡ ಬಂತು, ಹಾಡು ಮನೆಯಲ್ಲೇ ಉಳಿಯಿತು. ಮರುವರ್ಷ ಟರ್ಕಿಯ ಅತಿ ದೊಡ್ಡ ಪಾಪ್ ತಾರೆ ಅಜ್ದಾ ಪೆಕ್ಕನ್ ಹೇಗ್ ನಗರಕ್ಕೆ ಹೋಗಿ ಹಾಡಿದ್ದು ಯಾವುದರ ಬಗ್ಗೆ ಗೊತ್ತೇ? ಪೆಟ್ರೋಲ್ ಎಣ್ಣೆಯ ಬಗ್ಗೆ. ಆ ಸಲ ಇಸ್ರೇಲ್ ಇರಲಿಲ್ಲ, ಮೊರಾಕೊ ಮೊದಲ ಮತ್ತು ಕೊನೆಯ ಸಲ ಬಂದಿತ್ತು. ಅಜ್ದಾಗೆ ಸಿಕ್ಕ ಒಟ್ಟು 23 ಅಂಕಗಳಲ್ಲಿ 12 ಬಂದದ್ದು ಆ ಮೊರಾಕೊದಿಂದಲೇ.

ಎಂಬತ್ತರ ದಶಕವೆಲ್ಲ ಸೋಲಿನದು. 1983ರಲ್ಲಿ ಚೆತಿನ್ ಆಲ್ಪ್ ‘ಒಪೇರಾ’ ಅನ್ನುವ ಹಾಡು ಹಾಡಿ ಸೊನ್ನೆ ತಂದರು. 1987ರಲ್ಲಿ ಇನ್ನೊಂದು ಸೊನ್ನೆ. ಪಾಪ, ಆಲ್ಪ್ ಜೀವನಪೂರ್ತಿ ಆ ಸೊನ್ನೆಯನ್ನು ಹೊತ್ತು ತಿರುಗಬೇಕಾಯಿತು. ಹಾಡು ಆರಿಸಿ ಕಳಿಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ. 1993ರ ಅಂಕ ಎಷ್ಟು ಕಳಪೆಯಾಗಿತ್ತೆಂದರೆ ನಿಯಮದ ಪ್ರಕಾರ 1994ರಲ್ಲಿ ಟರ್ಕಿಗೆ ಪ್ರವೇಶವೇ ಇರಲಿಲ್ಲ.

ಲೆಕ್ಕ ತಿರುಗಿದ್ದು 1997ರ ಸುಮಾರಿಗೆ. ಅಲ್ಲಿಯವರೆಗೆ ಪ್ರತಿ ದೇಶದಲ್ಲೂ ತೀರ್ಪುಗಾರರ ಪುಟ್ಟ ಮಂಡಳಿ ಕೂತು ಅಂಕ ಹಾಕುತ್ತಿತ್ತು. ಆ ವರ್ಷ ಜರ್ಮನಿ, ಆಸ್ಟ್ರಿಯಾ ಸೇರಿ ಐದು ದೇಶಗಳಲ್ಲಿ ಪ್ರಯೋಗವೆಂದು ವೀಕ್ಷಕರ ಫೋನ್ ಮತ ಶುರುವಾಯಿತು. ಮರುವರ್ಷದಿಂದ ಬಹುತೇಕ ಎಲ್ಲ ಕಡೆ ಅದೇ ಪದ್ಧತಿ. ಸ್ವಂತ ದೇಶಕ್ಕೆ ಮತ ಹಾಕುವಂತಿಲ್ಲ. ಆದರೆ 1961ರ ಕೂಲಿ ಒಪ್ಪಂದದ ನಂತರ ಜರ್ಮನಿಗೆ ಹೋಗಿ ನೆಲೆಸಿದ ಲಕ್ಷಾಂತರ ಟರ್ಕಿಯವರು ಇದ್ದದ್ದು ಸ್ವಂತ ದೇಶದಲ್ಲಲ್ಲವಲ್ಲ! ನೆದರ್‌ಲೆಂಡ್ಸ್, ಬೆಲ್ಜಿಯಂ, ಆಸ್ಟ್ರಿಯಾಗಳಲ್ಲೂ ಅವರಿದ್ದರು. ನಮ್ಮ ಟೀವಿ ರಿಯಾಲಿಟಿ ಶೋಗಳಲ್ಲಿ ಊರಿನ ಹುಡುಗನಿಗೆ ಇಡೀ ತಾಲ್ಲೂಕು ಎಸ್ಸೆಮ್ಮೆಸ್ ಕಳಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997ರಲ್ಲೇ ಶೆಬ್ನೆಮ್ ಪಾಕೆರ್ ಮೂರನೇ ಸ್ಥಾನ ಪಡೆದರು. ಅದಕ್ಕೂ ಮೊದಲು ಟರ್ಕಿಯ ಅತ್ಯುತ್ತಮ ಸ್ಥಾನ ಒಂಬತ್ತು.

ಹಾಗಂತ ವಲಸಿಗರ ಮತವೊಂದರಿಂದಲೇ ಗೆಲುವು ಬಂತು ಅನ್ನುವುದು ಕಲಾವಿದರಿಗೆ ಮಾಡುವ ಅನ್ಯಾಯ. 1999ರಲ್ಲಿ ಸ್ವಂತ ಭಾಷೆಯಲ್ಲೇ ಹಾಡಬೇಕೆಂಬ ನಿಯಮ ಹೋಗಿತ್ತು. 2003ರಲ್ಲಿ ಸೆರ್ತಾಬ್ ಎರೆನೆರ್ ಇಂಗ್ಲಿಷಿನಲ್ಲಿ ಹಾಡುತ್ತೇನೆ ಅಂದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆಕೆ ಹಟ ಬಿಡಲಿಲ್ಲ. ಲಾಟ್ವಿಯಾದ ರೀಗಾದಲ್ಲಿ, ಉಡುಪಿನಿಂದ ಬಿಚ್ಚಿಕೊಂಡ ಉದ್ದನೆಯ ಪಟ್ಟಿಗಳನ್ನು ನರ್ತಕಿಯರು ನಾಲ್ಕೂ ಕಡೆ ಎಳೆದು ಹಿಡಿದಿದ್ದರು. ಹಿನ್ನೆಲೆಯಲ್ಲಿ ಅಪ್ಪಟ ಅನಾತೋಲಿಯಾದ ತಾಳ, ಬಾಯಲ್ಲಿ ಇಂಗ್ಲಿಷು. ಅಂಕ ಎಣಿಕೆ ಕೊನೆಯ ದೇಶವಾದ ಸ್ಲೊವೇನಿಯಾದವರೆಗೂ ಎಳೆಯಿತು. ಅದುವರೆಗೆ ಮುಂದಿದ್ದದ್ದು ಬೆಲ್ಜಿಯಂ. ಕೊನೆಗೆ ಟರ್ಕಿ 167, ಬೆಲ್ಜಿಯಂ 165, ರಷ್ಯಾ 164. ಆ ರಾತ್ರಿ ಸೈಪ್ರಸ್ ಟರ್ಕಿಗೆ 8 ಅಂಕ ಕೊಟ್ಟಿತು. ಅದಕ್ಕೂ ಮೊದಲು ಅಲ್ಲಿಂದ ಒಂದೇ ಒಂದು ಅಂಕ ಬಂದ ಉದಾಹರಣೆ ಇಲ್ಲ. ಇರಾಕ್ ಯುದ್ಧಕ್ಕೆ ಅಮೆರಿಕದ ಸೇನೆಗೆ ದಾರಿ ಕೊಡಲು ಟರ್ಕಿಯ ಸಂಸತ್ತು ಅದೇ ಮಾರ್ಚಿನಲ್ಲಿ ಒಪ್ಪಿರಲಿಲ್ಲ, ಯೂರೋಪು ಅದಕ್ಕೇ ಮತ ಹಾಕಿತು ಅಂದವರೂ ಇದ್ದರು. ಗೆದ್ದರೂ ರಾಜಕೀಯ, ಸೋತರೂ ರಾಜಕೀಯ!

ಮುಂದಿನ ವರ್ಷ ಸ್ಪರ್ಧೆ ಇಸ್ತಾಂಬುಲ್‌ಗೆ ಬಂತು. 36 ದೇಶ, ಮೊತ್ತಮೊದಲ ಸೆಮಿಫೈನಲ್. ಯೂರೋವಿಷನ್ ಹೆಸರಿನ ನಡುವೆ ಹೃದಯವಿರುವ ಲಾಂಛನ ಮೊದಲು ಬಳಕೆಗೆ ಬಂದದ್ದೂ ಅಲ್ಲೇ. ಅಲ್ಲಿಂದ ಎಂಟು ವರ್ಷ ಟರ್ಕಿಯ ಸುಗ್ಗಿ. ಅಥೆನಾ, ಕೆನಾನ್ ದೋಲು, ಬೆಲ್ಜಿಯಂನಲ್ಲೇ ಹುಟ್ಟಿ ಬೆಳೆದ ಹದಿಸೆ, ಮೂವರೂ ನಾಲ್ಕನೇ ಸ್ಥಾನ ತಂದರು. ಮಾಂಗಾ ಅನ್ನುವ ರಾಕ್ ತಂಡ 2010ರಲ್ಲಿ ಎರಡನೆಯದು. ಮೋರ್ ವೆ ಒಟೆಸಿ ತಂಡವಂತೂ ಟರ್ಕಿ ಭಾಷೆಯಲ್ಲೇ ಹಾಡಿ ಏಳನೇ ಸ್ಥಾನಕ್ಕೆ ಬಂತು.

ಈ ನಡುವೆ ನಿಯಮ ಬದಲಾಯಿತು. ನೆರೆಹೊರೆಯವರು, ವಲಸಿಗರು ಮತ ಹಂಚಿಕೊಳ್ಳುತ್ತಾರೆಂಬ ದೂರು ಹೆಚ್ಚಾಗಿ, 2009ರ ಫೈನಲ್‌ನಿಂದ ಅಂಕಗಳಲ್ಲಿ ಅರ್ಧ ಪಾಲು ಮತ್ತೆ ತೀರ್ಪುಗಾರರ ಕೈಗೆ ಹೋಯಿತು. ಜೊತೆಗೆ, ಹೆಚ್ಚು ಹಣ ಕಟ್ಟುವ ಬ್ರಿಟನ್, ಜರ್ಮನಿ, ಫ್ರಾನ್ಸ್, ಸ್ಪೇನ್‌ಗೆ ಮೊದಲೇ ಇದ್ದ ಫೈನಲ್‌ನ ನೇರ ಪ್ರವೇಶ 2011ರಿಂದ ಇಟಲಿಗೂ ಸಿಕ್ಕಿತು. 2011ರಲ್ಲಿ ಟರ್ಕಿ ಮೊದಲ ಬಾರಿ ಸೆಮಿಫೈನಲ್‌ನಲ್ಲೇ ಬಿದ್ದುಹೋಯಿತು. 2012ರ ಡಿಸೆಂಬರ್‌ನಲ್ಲಿ ಟಿಆರ್‌ಟಿ ಈ ಎರಡು ನಿಯಮಗಳನ್ನು ಹೆಸರಿಸಿ ಹಿಂದೆ ಸರಿಯಿತು. ದೂರಿನಲ್ಲಿ ಹುರುಳಿತ್ತು. ಆದರೆ ಹೊಸ ಪದ್ಧತಿಯ ಕೆಳಗೇ ನಾಲ್ಕನೇ, ಎರಡನೇ ಸ್ಥಾನ ಬಂದಿತ್ತು; ಹೊರಡುವ ವರ್ಷವೂ ಜಾನ್ ಬೊನೊಮೊ ಏಳನೆಯವರಾಗಿದ್ದರು. ಇದು ಸೋತು ಸುಣ್ಣವಾದವರ ಅಂಕಪಟ್ಟಿಯಲ್ಲ.

2013ರಲ್ಲಿ ಸ್ಪರ್ಧೆಯನ್ನು ತೋರಿಸುವುದನ್ನೂ ಟಿಆರ್‌ಟಿ ಕೈಬಿಟ್ಟಿತು. ಫಿನ್ಲೆಂಡಿನ ಗಾಯಕಿ ವೇದಿಕೆಯಲ್ಲಿ ಇನ್ನೊಬ್ಬ ಹೆಣ್ಣಿಗೆ ಮುತ್ತು ಕೊಡುವುದಿತ್ತು, ಕಾರಣ ಅದೇ ಅಂತ ಪತ್ರಿಕೆಗಳು ಬರೆದವು. ಅದೇ ಡಿಸೆಂಬರ್‌ನಲ್ಲಿ ಎಸ್ಕಿಶೆಹಿರ್ ನಗರದಲ್ಲಿ ಟರ್ಕಿ ಭಾಷೆಯ ಬಳಗಕ್ಕೆ ಸೇರಿದ ತುರ್ಕ್ ಭಾಷೆಗಳನ್ನಾಡುವವರಿಗಾಗಿಯೇ ‘ತುರ್ಕ್‌ವಿಷನ್’ ಶುರುವಾಯಿತು. ಕೆಲವು ವರ್ಷ ನಡೆದು ಸೊರಗಿತು. 2015ರಲ್ಲಿ ಯೂರೋವಿಷನ್‌ಗೆ ಆಸ್ಟ್ರೇಲಿಯಾ ಬಂತು. ಟರ್ಕಿಯ ಕುರ್ಚಿ ಹಾಗೇ ಇತ್ತು.

2018ರ ಹೊತ್ತಿಗೆ ಟಿಆರ್‌ಟಿ ಮುಖ್ಯಸ್ಥರ ಮಾತಿನ ಒತ್ತು ಬೇರೆ ಕಡೆ ಹೋಗಿತ್ತು: 2014ರಲ್ಲಿ ಗೆದ್ದ ಆಸ್ಟ್ರಿಯಾದ ಗಡ್ಡಧಾರಿ ಕಲಾವಿದೆಯಂಥವರನ್ನು ಮಕ್ಕಳು ಟೀವಿ ನೋಡುವ ಹೊತ್ತಿನಲ್ಲಿ ತೋರಿಸಲಾಗದು ಅನ್ನುವುದು ಅವರ ವಾದ. 2023ರಲ್ಲಿ ಸಂಘಟಕರು ಸೆಮಿಫೈನಲ್‌ಗಳಿಂದ ತೀರ್ಪುಗಾರರನ್ನು ತೆಗೆದು, ಅವುಗಳ ಫಲಿತಾಂಶವನ್ನು ಪೂರ್ತಿ ವೀಕ್ಷಕರ ಮತಕ್ಕೆ ಬಿಟ್ಟರು. ಹಳೆಯ ದೂರಿನ ಒಂದು ಪಾಲು ಅಲ್ಲಿಗೆ ಬಗೆಹರಿದಂತಾಯಿತು. ಟರ್ಕಿಯಿಂದ ಅರ್ಜಿ ಬರಲಿಲ್ಲ. 2024ರ ಮೇ ತಿಂಗಳಲ್ಲಿ, ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವ ಸ್ವಿಟ್ಜರ್ಲೆಂಡಿನ ನೆಮೊ ಗೆದ್ದ ಮೇಲೆ, ಅಧ್ಯಕ್ಷ ಎರ್ಡೊವಾನ್ ಇಂಥ ಕಾರ್ಯಕ್ರಮಗಳು ಕುಟುಂಬ ವ್ಯವಸ್ಥೆಗೆ ಅಪಾಯ, ದೂರ ಉಳಿದದ್ದೇ ಸರಿಯಾಯಿತು ಅಂದರು. ಆ ಭಾಷಣದ ಹೊತ್ತಿಗೆ ಫೈನಲ್ ನೇರ ಪ್ರವೇಶದ ಮಾತೂ ಇರಲಿಲ್ಲ, ತೀರ್ಪುಗಾರರ ಅಂಕದ ಮಾತೂ ಇರಲಿಲ್ಲ.