ಇದು ಈಳಿಗೆಯಲ್ಲ, ತುರಿಮಣೆ

ಹೋದ ಬೇಸಿಗೆಯಲ್ಲಿ ಅಮ್ಮ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಮೂರನೇ ದಿನಕ್ಕೇ ಅಡುಗೆಮನೆ ಅವರದಾಯಿತು. ಒಂದು ಮಧ್ಯಾಹ್ನ ನುಗ್ಗೆಕಾಯಿ ಹುಳಿ ಊಟ ಮುಗೀತು. ಎಲ್ಲರ ತಟ್ಟೆಯಲ್ಲಿದ್ದ ಜಗಿದ ಸಿಪ್ಪೆಯನ್ನು ಅಮ್ಮ ಒಟ್ಟು ಮಾಡಿ ಸಿಂಕಿನ ತೂತಿಗೆ ತಳ್ಳಿ ಸ್ವಿಚ್ ಹಾಕಿದರು. ಮೊದಲು ಗರಗರ ಸದ್ದು. ಆಮೇಲೆ ಬರೀ ಗುಂಯ್. ಆಮೇಲೆ ಅದೂ ಇಲ್ಲ.

"ಎಲ್ಲಾ ನುಣ್ಣಗೆ ಮಾಡುತ್ತೆ ಅಂತ ನೀನೇ ಹೇಳಿದ್ದೆಯಲ್ಲೋ?"

ಹೇಳಿದ್ದು ನಿಜ. ತಪ್ಪು ನನ್ನದೇ.

ಅಮೆರಿಕದ ಅಡುಗೆಮನೆಗಳಲ್ಲಿ ಸಿಂಕಿನ ಕೆಳಗೆ ಬಿಂದಿಗೆಯಷ್ಟು ದಪ್ಪದ ಒಂದು ಯಂತ್ರ ನೇತಾಡುತ್ತಿರುತ್ತದೆ. ಸಿಂಕಿಗೆ ಬಿದ್ದ ಮುಸುರೆಯನ್ನು ನುಣ್ಣಗೆ ಮಾಡಿ ನೀರಿನ ಜೊತೆ ಕೊಳವೆಗೆ ಬಿಡುವುದು ಅದರ ಕೆಲಸ. ಗಾರ್ಬೇಜ್ ಡಿಸ್ಪೋಸಲ್ ಅಂತ ಹೆಸರು. ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಊರಿನ ಜಾನ್ ಹ್ಯಾಮ್ಸ್ ಎಂಬ ವಾಸ್ತುಶಿಲ್ಪಿ ಇದನ್ನು ಕಂಡುಹಿಡಿದದ್ದು 1927ರಲ್ಲಿ. ಪೇಟೆಂಟ್ ಸಿಕ್ಕಿದ್ದು 1935ರಲ್ಲಿ. ಎಲ್ಲ ಕಡೆಯೂ ಇದಕ್ಕೆ ಸ್ವಾಗತ ಸಿಗಲಿಲ್ಲ. ನ್ಯೂಯಾರ್ಕ್ ನಗರದ ಹೆಚ್ಚಿನ ಭಾಗಗಳಲ್ಲಿ 1997ರವರೆಗೂ ಇದನ್ನು ಹಾಕಿಸುವಂತಿರಲಿಲ್ಲ. ಅಲ್ಲಿ ಮಳೆನೀರು, ಮನೆಯ ಕೊಳೆನೀರು ಎರಡೂ ಹರಿಯುವುದು ಒಂದೇ ಹಳೆಯ ಕೊಳವೆಯಲ್ಲಿ. ಅದಕ್ಕೆ ಇನ್ನಷ್ಟು ಭಾರ ಬೇಡ ಎಂಬ ಲೆಕ್ಕ.

ಒಳಗೆ ಮಿಕ್ಸಿಯ ಹಾಗೆ ಬ್ಲೇಡ್ ಇದೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಬ್ಲೇಡೇ ಇಲ್ಲ. ತಳದಲ್ಲಿ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ. ಅದರ ಮೇಲೆ ಮೊಂಡಾದ ಒಂದೆರಡು ಲೋಹದ ತುಂಡುಗಳು ಸಡಿಲವಾಗಿ ಓಲಾಡುತ್ತವೆ. ಸುತ್ತಲಿನ ಗೋಡೆಗೆ ಹಲ್ಲುಗಳಿರುವ ಒಂದು ಬಳೆ. ಅಷ್ಟೇ. ಸಾಮಾನ್ಯ ಇಂಡಕ್ಷನ್ ಮೋಟರ್ ಇರುವ ಯಂತ್ರದಲ್ಲಿ ತಟ್ಟೆ ನಿಮಿಷಕ್ಕೆ ಸುಮಾರು 1725 ಸುತ್ತು ತಿರುಗುತ್ತದೆ. ತಟ್ಟೆ 13 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ಅಂಚಿನ ವೇಗ ಗಂಟೆಗೆ 40 ಕಿಲೋಮೀಟರಿಗಿಂತ ಜಾಸ್ತಿ. ಅಲ್ಲಿ ಸಿಕ್ಕ ಸೌತೆಕಾಯಿ ಚೂರನ್ನು ಅದರ ತೂಕದ ಸುಮಾರು 200 ಪಟ್ಟು ಬಲ ಗೋಡೆಗೆ ಒತ್ತುತ್ತದೆ. ಬಳೆಯ ಹಲ್ಲಿಗೆ ಉಜ್ಜಿ ಉಜ್ಜಿ ಚೂರು ಸವೆಯುತ್ತದೆ, ನೀರಿನ ಜೊತೆ ಹರಿದು ಹೋಗುತ್ತದೆ. ಅಂದರೆ ಇದು ಈಳಿಗೆಮಣೆಯ ಕೆಲಸವಲ್ಲ, ತುರಿಮಣೆಯ ಕೆಲಸ.

ಇದು ಗೊತ್ತಾದ ಮೇಲೆ ಏನು ಹಾಕಬಾರದು ಅಂತ ಯಾರೂ ಪಟ್ಟಿ ಕೊಡಬೇಕಿಲ್ಲ. ತುರಿಮಣೆಯಲ್ಲಿ ನಾರನ್ನು ತುರಿಯಲಾಗುತ್ತಾ? ಬಾಳೆದಿಂಡು ಹೆಚ್ಚುವಾಗ ಬಿಡುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತೇವಲ್ಲ, ಒಳಗೆ ಆ ಲೋಹದ ತುಂಡುಗಳಿಗೂ ನಾರು ಹಾಗೇ ಸುತ್ತಿಕೊಳ್ಳುತ್ತದೆ. ಅಮೆರಿಕದವರಿಗೆ ಸೆಲೆರಿ ದಂಟು, ಜೋಳದ ಸಿಪ್ಪೆ. ನಮಗೆ ನುಗ್ಗೆಕಾಯಿ, ತೆಂಗಿನ ಜುಟ್ಟು, ಈರುಳ್ಳಿ ಸಿಪ್ಪೆ.

ಅನ್ನದ ಕಥೆ ಬೇರೆ. ಅದು ಮೆತ್ತಗಿದೆ, ಯಂತ್ರಕ್ಕೆ ಏನೂ ಕಷ್ಟವಿಲ್ಲ. ಕಷ್ಟ ಪಡುವುದು ಮುಂದಿನ ಪೈಪು. ಬೆಂದ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿರುತ್ತದೆ. ಅರೆದರೆ ಗೋಂದು. ಅಗುಳಿನಿಂದ ಗಾಳಿಪಟ ಅಂಟಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ಹಿಡಿ ಪರವಾಗಿಲ್ಲ, ಹಬ್ಬದ ದಿನ ಉಳಿದ ಚಿತ್ರಾನ್ನ ಬೇಡ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಪ್ಲಂಬರುಗಳಿಗೆ ಕೈತುಂಬ ಕೆಲಸ. ಅವತ್ತಿನ ಅಪರಾಧಿ ಆಲೂಗಡ್ಡೆ ಸಿಪ್ಪೆ, ಅದರಲ್ಲೂ ಪಿಷ್ಟವೇ.

ಬಿಸಿನೀರು ಬಿಟ್ಟರೆ ಚೆನ್ನಾಗಿ ತೊಳೆಯುತ್ತೆ ಅನಿಸುತ್ತದೆ, ಅಲ್ವಾ? ಅರೆಯುವಾಗ ತಣ್ಣೀರೇ ಸರಿ. ಬಿಸಿನೀರಿಗೆ ತುಪ್ಪ ಕರಗಿ ಜಾರಿ ಹೋಗುತ್ತದೆ. ನಾಲ್ಕು ಅಡಿ ಆಚೆ ತಣ್ಣಗಿನ ಪೈಪಿನಲ್ಲಿ ಮತ್ತೆ ಗಟ್ಟಿಯಾಗಿ ಅಂಟಿ ಕೂರುತ್ತದೆ. ತಣ್ಣೀರಿನಲ್ಲಿ ಜಿಡ್ಡು ಗಟ್ಟಿಯಾಗೇ ಇರುತ್ತದೆ, ಚೂರಾಗಿ ನೀರಿನ ಜೊತೆ ಮುಂದೆ ಹೋಗುತ್ತದೆ. ಒಗ್ಗರಣೆ ಎಣ್ಣೆಯನ್ನೇ ಸುರಿಯಬಹುದು ಅಂತ ಇದರ ಅರ್ಥವಲ್ಲ. ಅದನ್ನು ಕಾಗದದಲ್ಲಿ ಒರೆಸಿ ಬುಟ್ಟಿಗೆ ಹಾಕಿ. ಮೊದಲು ನಲ್ಲಿ, ಆಮೇಲೆ ಸ್ವಿಚ್, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮುಸುರೆ. ಗರಗರ ಹೋಗಿ ಸದ್ದು ಹಗುರಾದ ಮೇಲೂ ಕಾಲು ನಿಮಿಷ ನೀರು ಹರಿಯಲಿ.

ಇನ್ನು ಆ ಗುಂಯ್ ಸದ್ದು. ಮೋಟರಿಗೆ ಕರೆಂಟ್ ಹೋಗುತ್ತಿದೆ, ತಟ್ಟೆ ಮಾತ್ರ ಸಿಕ್ಕಿಕೊಂಡಿದೆ ಅಂತ ಅರ್ಥ. ತಿರುಗುವ ಮೋಟರ್ ಎಳೆಯುವುದಕ್ಕಿಂತ ಹಲವು ಪಟ್ಟು ಜಾಸ್ತಿ ಕರೆಂಟನ್ನು ಕೂತ ಮೋಟರ್ ಎಳೆಯುತ್ತದೆ. ಅದೆಲ್ಲ ತಂತಿಸುರುಳಿಯಲ್ಲಿ ಶಾಖವಾಗುತ್ತದೆ. ಸುಟ್ಟು ಹೋಗುವ ಮೊದಲು ಒಳಗಿನ ರಕ್ಷಕ ಸ್ವಿಚ್ ಕರೆಂಟ್ ಕಡಿದು ಹಾಕುತ್ತದೆ. ಯಂತ್ರದ ತಳದಲ್ಲಿರುವ ಕೆಂಪು ಗುಂಡಿ ಅದರದ್ದೇ. ಗುಂಯ್ ಕೇಳಿದ ಕೂಡಲೇ ಸ್ವಿಚ್ ಆರಿಸಿ. ಸುಮ್ನೆ ಮತ್ತೆ ಮತ್ತೆ ಹಾಕಿ ನೋಡಬೇಡಿ. ಮೋಟರಿನ ಆಯುಷ್ಯ ಕಡಿಮೆ ಮಾಡುವುದು ಅದೇ.

ನಾನು ಪ್ಲಗ್ ಕಿತ್ತು, ಟಾರ್ಚ್ ಹಿಡಿದು, ಸಿಕ್ಕಷ್ಟು ನಾರನ್ನು ಇಕ್ಕಳದಲ್ಲಿ ಎಳೆದೆ. ಒಳಗೆ ಕೈ ಹಾಕಬಾರದು, ಪ್ಲಗ್ ಕಿತ್ತಿದ್ದರೂ ಸರಿ. ಹಲವು ಯಂತ್ರಗಳ ತಳದ ನಡುವೆ ಆರು ಮೂಲೆಯ ಒಂದು ತೂತು ಇರುತ್ತದೆ. ಅದಕ್ಕೆ ಕಾಲಿಂಚಿನ ಅಲೆನ್ ಕೀ ಹಾಕಿ ಹಿಂದೆ ಮುಂದೆ ತಿರುಗಿಸಿದರೆ ತಟ್ಟೆ ಬಿಡಿಸಿಕೊಳ್ಳುತ್ತದೆ. ಅಮ್ಮ ಬಗ್ಗಿ ನೋಡಿ, "ಓ, ಬೀಸೋಕಲ್ಲಿನ ಗೂಟ!" ಅಂದರು. ಹತ್ತು ನಿಮಿಷ ಆರಲು ಬಿಟ್ಟು ಪ್ಲಗ್ ಹಾಕಿ, ಕೆಂಪು ಗುಂಡಿ ಒತ್ತಿದೆ. ತಿರುಗಿತು.

ಐಸ್ ಹಾಕಿದರೆ ಬ್ಲೇಡ್ ಹರಿತವಾಗುತ್ತೆ ಅನ್ನುವವರಿದ್ದಾರೆ. ಇಲ್ಲದ ಬ್ಲೇಡನ್ನು ಎಲ್ಲಿಂದ ಮಸೆಯುವುದು! ಐಸ್ ಅಂಟಿದ ಕೊಳೆಯನ್ನು ಉಜ್ಜಿ ತೆಗೆಯುತ್ತದೆ, ಅಷ್ಟು ನಿಜ. ನಿಂಬೆ ಸಿಪ್ಪೆ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆದರೆ ನಾತ ಹುಟ್ಟುವುದು ಹೆಚ್ಚಾಗಿ ಬಾಯಲ್ಲಿರುವ ಕಪ್ಪು ರಬ್ಬರ್ ಪಟ್ಟಿಯ ಅಡಿಯಲ್ಲಿ, ಯಾರೂ ನೋಡದ ಜಾಗದಲ್ಲಿ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪಾತ್ರೆ ಸೋಪು ಹಚ್ಚಿ ಅಲ್ಲಿ ಉಜ್ಜಿ. ಕಟ್ಟಿಕೊಂಡ ಪೈಪು ಬಿಡಿಸುವ ತೀಕ್ಷ್ಣ ರಾಸಾಯನಿಕ ಮಾತ್ರ ಬೇಡ. ಮೇಲಿನ ಒದ್ದೆ ಕೋಣೆಗೂ ಕೆಳಗಿನ ಮೋಟರಿಗೂ ನಡುವೆ ಇರುವುದು ಒಂದು ಸಣ್ಣ ಸೀಲ್. ಅದು ಹಾಳಾದರೆ ನೀರು ಮೋಟರಿಗೆ ಇಳಿಯುತ್ತದೆ. ತಳದಿಂದ ನೀರು ತೊಟ್ಟಿಕ್ಕತೊಡಗಿದರೆ ಸಾಮಾನ್ಯವಾಗಿ ಹೊಸ ಯಂತ್ರವೇ ಗತಿ.

ಬಳಸದೆ ಬಿಟ್ಟರೂ ಕೆಡುತ್ತದೆ. ಊರಿಗೆ ಹೋಗಿ ತಿಂಗಳು ಇದ್ದು ಬರುವವರ ಮನೆಯಲ್ಲಿ ಉಳಿದ ಮುಸುರೆ ಒಣಗಿ, ಲೋಹ ತುಕ್ಕು ಹಿಡಿದು, ತಟ್ಟೆ ಕೂತಿರುತ್ತದೆ. ಹೊರಡುವ ದಿನ ಚೆನ್ನಾಗಿ ನೀರು ಬಿಟ್ಟು ಓಡಿಸಿ. ವಾಪಸ್ ಬಂದಾಗ ಸ್ವಿಚ್ ಹಾಕುವ ಮೊದಲು ಕೀ ಹಾಕಿ ಎರಡು ಸುತ್ತು ತಿರುಗಿಸಿ. ನಮ್ಮ ಮನೆಯಲ್ಲಿ ಆ ಕೀ ಈಗ ಸಿಂಕಿನ ಕೆಳಗಿನ ಬಾಗಿಲ ಒಳಗೆ ಟೇಪು ಹಾಕಿಕೊಂಡು ಕೂತಿದೆ. ಅಂಟಿಸಿದ್ದು ಅಮ್ಮನೇ.