ಕೋಡ್ ಒಂದೇ ಇರಲಿ, ಬೇರೆಯಾಗಬೇಕಾದ್ದು ಡೇಟಾ

ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ತಂಡಗಳ ಜೊತೆ ಕೂತಾಗ ನನಗೆ ಒಂದು ಏರ್ಪಾಡು ಪದೇ ಪದೇ ಕಾಣುತ್ತದೆ. ಸರ್ವರ್ ಕಾನ್ಫಿಗರೇಷನ್‌ನ ಕೋಡ್ ಇಡುವ ಗಿಟ್ ರೆಪೊದಲ್ಲಿ ಎರಡು ಬ್ರಾಂಚ್ (ಒಂದೇ ಕೋಡ್‌ನ ಎರಡು ಪ್ರತ್ಯೇಕ ಕವಲು), ಟೆಸ್ಟಿಂಗ್ ಮತ್ತು ಪ್ರೊಡಕ್ಷನ್. ಟೆಸ್ಟ್ ಸರ್ವರ್‌ಗಳು ಒಂದರಿಂದ ಕಾನ್ಫಿಗರೇಷನ್ ತೆಗೆದುಕೊಳ್ಳುತ್ತವೆ, ಗ್ರಾಹಕರು ಬಳಸುವ ಸರ್ವರ್‌ಗಳು ಇನ್ನೊಂದರಿಂದ. ನೋಡಲು ಅಚ್ಚುಕಟ್ಟಾಗಿದೆ. ಆದರೆ ಆರು ತಿಂಗಳು ಬಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರ್ಜೆಂಟ್ ಅಂತ ನೇರವಾಗಿ ಪ್ರೊಡಕ್ಷನ್‌ಗೆ ಹಾಕಿದ ತಿದ್ದುಪಡಿ ಟೆಸ್ಟಿಂಗ್‌ಗೆ ಬಂದೇ ಇರುವುದಿಲ್ಲ. ಟೆಸ್ಟಿಂಗ್‌ನಲ್ಲಿ ಯಾರೋ ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲೇ ಉಳಿದಿರುತ್ತದೆ. ಆಮೇಲೆ 'ಟೆಸ್ಟ್‌ನಲ್ಲಿ ಪಾಸ್ ಆಯ್ತು' ಅಂದರೆ ಏನು ಪ್ರಯೋಜನ? ಪಾಸ್ ಆಗಿದ್ದು ಬೇರೆ ಕೋಡ್ ಅಲ್ವಾ.

ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಈ ಸರ್ವರ್ ಯಾರಿಗಾಗಿ ಇದೆ? ಇದರ ಮೇಲೆ ಯಾವ ಆವೃತ್ತಿಯ ಕೋಡ್ ಓಡುತ್ತಿದೆ? ಟೆಸ್ಟರ್‌ಗಳು ಬಳಸುವ ಡೇಟಾಬೇಸ್ ಸರ್ವರ್ ಅನ್ನೇ ತೆಗೆದುಕೊಳ್ಳಿ. ಬೆಳಗ್ಗೆಯಿಂದ ಒಂದಿಡೀ ತಂಡ ಅದನ್ನು ನಂಬಿ ಕೆಲಸ ಮಾಡುತ್ತಿರುತ್ತದೆ. ನೀವು ನಿನ್ನೆ ರಾತ್ರಿ ಬರೆದ ಹೊಸ ಕಾನ್ಫಿಗರೇಷನ್ ಅದರ ಮೇಲೆ ಓಡಿಸಿದರೆ ಅವರ ದಿನ ಹಾಳು. ಅದು ಟೆಸ್ಟ್ ಸರ್ವರ್ ನಿಜ, ಆದರೆ ನಿಮ್ಮ ಪ್ರಯೋಗಕ್ಕೆ ಇಟ್ಟದ್ದಲ್ಲ.

ಸರ್ವರ್‌ಗಳನ್ನು ಕೋಡ್ ಮೂಲಕ ಹೊಂದಿಸುವ ಉಪಕರಣವಾದ ಪಪೆಟ್‌ನಲ್ಲಿ ಎನ್ವಿರಾನ್‌ಮೆಂಟ್ ಇರುವುದು ಎರಡನೇ ಪ್ರಶ್ನೆಗೆ, ಅಂದರೆ ಕೋಡ್‌ನ ಆವೃತ್ತಿಗೆ. ಗಿಟ್‌ನಿಂದ ಪಪೆಟ್‌ಗೆ ಕೋಡ್ ತಲುಪಿಸುವ ಆರ್‌10ಕೆ ಬಳಸಿದರೆ ಗಿಟ್‌ನ ಪ್ರತಿ ಬ್ರಾಂಚ್ ಪಪೆಟ್ ಸರ್ವರ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ಆಗುತ್ತದೆ. ಹಾಗಾಗಿ ಒಂದು ಬದಲಾವಣೆಗೆ ಒಂದು ಸಣ್ಣ ಬ್ರಾಂಚ್ ಮಾಡಿ. ಒಂದು ಯಂತ್ರದಲ್ಲಿ ಓಡಿಸಿ ನೋಡಿ. ಸರಿಯಿದ್ದರೆ ಪ್ರೊಡಕ್ಷನ್ ಬ್ರಾಂಚ್‌ಗೆ ಸೇರಿಸಿ, ಸಣ್ಣದನ್ನು ಅಳಿಸಿಬಿಡಿ. ಟೆಸ್ಟ್ ಸರ್ವರ್‌ಗಳು ಕೂಡ ಪ್ರೊಡಕ್ಷನ್ ಬ್ರಾಂಚ್‌ನ ಕೋಡ್‌ನಲ್ಲೇ ಓಡಲಿ. ಇದನ್ನು ಹೇಳಿದಾಗ ಎಷ್ಟೋ ಜನ ಹುಬ್ಬೇರಿಸುತ್ತಾರೆ. ಆದರೆ ಒಮ್ಮೆ ಹೀಗೆ ಬದಲಾಯಿಸಿದ ತಂಡ ಹಿಂದಕ್ಕೆ ಹೋಗಿದ್ದನ್ನು ನಾನು ನೋಡಿಲ್ಲ.

ಮತ್ತೆ ವ್ಯತ್ಯಾಸ ಎಲ್ಲಿರಬೇಕು? ಪಪೆಟ್‌ಗೆ ಬೇಕಾದ ಮೌಲ್ಯಗಳನ್ನು ಕೋಡ್‌ನಿಂದ ಬೇರೆಯಾಗಿ, ಪದರ ಪದರವಾಗಿ ಇಡುವ ಹೈರಾದಲ್ಲಿ. ಡೇಟಾಬೇಸ್ ವಿಳಾಸ, ಮೆಮೊರಿ ಮಿತಿ, ಹೊರಗಿನವರಿಗೆ ಇಮೇಲ್ ಹೋಗಬೇಕೋ ಬೇಡವೋ, ಇವೆಲ್ಲ ಡೇಟಾ. ಎಲ್ಲರಿಗೂ ಸಾಮಾನ್ಯವಾದ ಒಂದು ಪದರ, ಅದರ ಮೇಲೆ ಟೆಸ್ಟ್‌ಗೊಂದು, ಪ್ರೊಡಕ್ಷನ್‌ಗೊಂದು. ಯಂತ್ರ ಯಾವ ಗುಂಪಿನದು ಎಂದು ಹೋಸ್ಟ್‌ನೇಮ್ ನೋಡಿ ಊಹಿಸಬೇಡಿ. ಅದಕ್ಕೆಂದೇ ಯಂತ್ರದ ಗುರುತಿಗೆ ಪಪೆಟ್ ಬಳಸುವ ಸರ್ಟಿಫಿಕೇಟ್‌ನಲ್ಲಿ 'ಪಿಪಿ_ಎನ್ವಿರಾನ್‌ಮೆಂಟ್' ಎಂಬ ಜಾಗವಿದೆ. ಯಂತ್ರವನ್ನು ಮೊದಲ ಸಲ ಸೇರಿಸುವಾಗ ಅದನ್ನು ತುಂಬಿ. ಸರ್ಟಿಫಿಕೇಟ್‌ಗೆ ಸಹಿ ಬಿದ್ದ ಮೇಲೆ ಆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರ ಕೂಡ ಅದನ್ನು ತಿದ್ದಲಾರ. ಅದು ತುಂಬಿಲ್ಲದಿದ್ದರೆ ಕಂಪೈಲ್ (ಆ ಯಂತ್ರದ ಕಾನ್ಫಿಗರೇಷನ್ ಸಿದ್ಧಪಡಿಸುವ ಹಂತ) ಫೇಲ್ ಆಗಲಿ, ಸುಮ್ನೆ ಯಾವುದೋ ಡೀಫಾಲ್ಟ್ ಮೌಲ್ಯ ಕೊಡಬೇಡಿ.

ಪಪೆಟ್‌ನಂಥದೇ ಇನ್ನೊಂದು ಉಪಕರಣವಾದ ಆನ್ಸಿಬಲ್ ಬಳಸುವವರಿಗೆ ಇದೇ ಮಾತು ಇನ್ವೆಂಟರಿಗೆ, ಅಂದರೆ ಯಂತ್ರಗಳ ಪಟ್ಟಿಗೆ, ಅನ್ವಯಿಸುತ್ತದೆ. ಮಾಡಬೇಕಾದ ಕೆಲಸಗಳನ್ನು ಬರೆದಿಡುವ ಪ್ಲೇಬುಕ್ ಒಂದೇ, ಇನ್ವೆಂಟರಿ ಡೈರೆಕ್ಟರಿ ಎರಡು. ಟೆಸ್ಟ್ ಮತ್ತು ಪ್ರೊಡಕ್ಷನ್ ಯಂತ್ರಗಳೆರಡನ್ನೂ ಒಂದೇ ಫೈಲ್‌ನಲ್ಲಿ ಇಟ್ಟರೆ, ಪ್ಲೇಬುಕ್‌ನಲ್ಲಿ 'ಹೋಸ್ಟ್ಸ್: ಆಲ್' ಎಂದು ಬರೆದ ಒಂದು ಸಾಲು ಎಲ್ಲ ಯಂತ್ರಗಳಿಗೂ ತಾಗುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಡೀಫಾಲ್ಟ್ ಇನ್ವೆಂಟರಿ ಕೊಡಲೇಬೇಕೆಂದರೆ ಟೆಸ್ಟ್‌ನದನ್ನು ಕೊಡಿ. ಪ್ರೊಡಕ್ಷನ್ ಬೇಕಾದವರು ಪ್ರತಿ ಸಲ ಕೈಯಾರೆ ಟೈಪ್ ಮಾಡಲಿ.

ಯಾರ ಗಮನಕ್ಕೂ ಬಾರದ ವ್ಯತ್ಯಾಸಗಳ ಬಗ್ಗೆ ನನಗೆ ಜಾಸ್ತಿ ಭಯ. ಒಂದು ಕಡೆ ಹೀಗಿತ್ತು: ಟೆಸ್ಟ್ ಯಂತ್ರಗಳು ಆಫೀಸಿನಲ್ಲೇ ಇದ್ದವು, ಅವುಗಳ ಗಡಿಯಾರ ಭಾರತೀಯ ಸಮಯದಲ್ಲಿತ್ತು. ಪ್ರೊಡಕ್ಷನ್ ಮುಂಬೈನ ಕ್ಲೌಡ್‌ನಲ್ಲಿತ್ತು, ಅಲ್ಲಿ ಇಮೇಜ್‌ನ ಜೊತೆ ಬಂದ ಯುಟಿಸಿ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಹಾಗೇ ಉಳಿದಿತ್ತು. ಬ್ಯಾಕಪ್‌ಗೆ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ, 2:30 ಎಂದು ಹಾಕಿದ್ದರು. ಟೆಸ್ಟ್‌ನಲ್ಲಿ ಅದು ನಡುರಾತ್ರಿ ಕಳೆದ ಮೇಲೆ ತಣ್ಣಗೆ ಓಡಿ ಮುಗಿಯುತ್ತಿತ್ತು. ಪ್ರೊಡಕ್ಷನ್‌ನಲ್ಲಿ ಓಡಿದ್ದು ಬೆಳಗ್ಗೆ 8:00ಕ್ಕೆ, ಗ್ರಾಹಕರು ಲಾಗಿನ್ ಆಗಲು ಶುರು ಮಾಡುವ ಹೊತ್ತಿಗೆ. ಡಿಸ್ಕ್ ಉಸಿರುಗಟ್ಟಿತು. ಕೋಡ್‌ನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಟೈಮ್‌ಜೋನ್ ಯಾರೂ ಕೋಡ್‌ಗೆ ತಂದೇ ಇರಲಿಲ್ಲ, ಅಷ್ಟೇ. ಈಗ ಅದು ಹೈರಾದ ಸಾಮಾನ್ಯ ಪದರದಲ್ಲಿದೆ. ಮೇಲಿನ ಪದರದಲ್ಲಿ ಯಾರಾದರೂ ಅದನ್ನು ಬದಲಿಸಿದರೆ ರಿವ್ಯೂನಲ್ಲೇ ಕಣ್ಣಿಗೆ ಬೀಳುತ್ತದೆ. ಟೆಸ್ಟ್ ಮತ್ತು ಪ್ರೊಡಕ್ಷನ್ ನಡುವೆ ಯಾವ ಯಾವ ವ್ಯತ್ಯಾಸ ಬೇಕೆಂದೇ ಇಟ್ಟಿದ್ದೀರಿ ಎಂದು ಕೇಳಿದರೆ, ಒಂದು ಫೈಲ್ ತೆರೆದು ತೋರಿಸುವಂತಿರಬೇಕು.

ಡ್ರೈ ರನ್ ಅನ್ನು, ಅಂದರೆ ನಿಜವಾಗಿ ಏನನ್ನೂ ಬದಲಿಸದೆ ಓಡಿಸಿ ನೋಡುವುದನ್ನು, ಖಂಡಿತ ಬಳಸಿ, ಆದರೆ ಅದರ ಮಿತಿಯೂ ಗೊತ್ತಿರಲಿ. ಪಪೆಟ್‌ನ ನೋಪ್ ಏನು ಬದಲಾಗುತ್ತದೆ ಎಂದು ಹೇಳುತ್ತದೆ. ಬದಲಾದ ಮೇಲೆ ಸರ್ವಿಸ್ ಎದ್ದು ನಿಲ್ಲುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಆನ್ಸಿಬಲ್‌ನ ಚೆಕ್ ಮೋಡ್‌ನಲ್ಲಿ ಕಮಾಂಡ್ ಮತ್ತು ಶೆಲ್ ಟಾಸ್ಕ್‌ಗಳು ಸಾಮಾನ್ಯವಾಗಿ ಓಡುವುದೇ ಇಲ್ಲ. ಹಾಗಾಗಿ ಅವುಗಳ ಫಲಿತಾಂಶ ನೆಚ್ಚಿಕೊಂಡ ಮುಂದಿನ ಟಾಸ್ಕ್‌ಗಳ ಬಗ್ಗೆ ನಿಮಗೆ ಏನೂ ತಿಳಿದಂತಾಗುವುದಿಲ್ಲ.

ಕೋಡ್ ಒಂದೇ ಆದರೂ ಬೀಗದ ಕೈ ಬೇರೆ ಬೇರೆ ಇರಲೇಬೇಕು. ಟೆಸ್ಟ್ ಯಂತ್ರದಿಂದ ಪ್ರೊಡಕ್ಷನ್ ಡೇಟಾಬೇಸ್‌ಗೆ ದಾರಿಯೇ ಇಲ್ಲದಂತೆ ಫೈರ್‌ವಾಲ್ ಹಾಕಿ, ಪಾಸ್‌ವರ್ಡ್‌ಗಳನ್ನು ಗುಪ್ತವಾಗಿ ಇಡುವ ವಾಲ್ಟ್‌ಗೆ ಬೇರೆ ಕೀ ಕೊಡಿ. ಪಪೆಟ್‌ನ ಎನ್ವಿರಾನ್‌ಮೆಂಟ್ ಇಂಥ ಗೋಡೆಯಲ್ಲ. ಎಲ್ಲ ಎನ್ವಿರಾನ್‌ಮೆಂಟ್‌ಗಳ ಕೋಡ್ ಕಂಪೈಲ್ ಆಗುವುದು ಒಂದೇ ಸರ್ವರ್‌ನಲ್ಲಿ. ಗ್ರಾಹಕರ ನಿಜವಾದ ಡೇಟಾ ಎತ್ತಿ ಟೆಸ್ಟ್‌ಗೆ ಸುರಿಯುವ ಅಭ್ಯಾಸವನ್ನೂ ಬಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅದು ಬರೀ ಸೋಮಾರಿತನದ ಪ್ರಶ್ನೆಯಾಗಿ ಉಳಿದಿಲ್ಲ.

ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಸಾಲಿನ ಮೊದಲಿರುವ ಪ್ರಾಂಪ್ಟ್ ಕೂಡ ಕಾನ್ಫಿಗರೇಷನ್ ಕೋಡ್‌ನಿಂದಲೇ ಬರಲಿ, ಪ್ರೊಡಕ್ಷನ್‌ನಲ್ಲಿ ಕೆಂಪಗಿರಲಿ. 2017ರ ಜನವರಿ 31ರಂದು ಗಿಟ್ ರೆಪೊಗಳನ್ನು ಇಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೈರೆಕ್ಟರಿ ಅಳಿಸಿದರು. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಯಾವ ಯಂತ್ರದಲ್ಲಿದ್ದೇವೆ ಎಂದು ಎದ್ದು ಕಾಣುವಂತೆ ಪ್ರಾಂಪ್ಟ್ ಬದಲಿಸುವುದು ಅವರು ಆಮೇಲೆ ಮಾಡಿಕೊಂಡ ಕೆಲಸಗಳ ಪಟ್ಟಿಯಲ್ಲಿ ಸೇರಿತ್ತು.

ಬದಲಾವಣೆ ಪ್ರೊಡಕ್ಷನ್‌ಗೆ ಹೋಗುವ ದಿನ ಮೊದಲು ಒಂದೇ ಒಂದು ಸರ್ವರ್‌ಗೆ ಹಾಕಿ. ಆನ್ಸಿಬಲ್‌ನಲ್ಲಿ ಅದಕ್ಕೆ 'ಲಿಮಿಟ್' ಎಂಬ ಆಯ್ಕೆ ಇದೆ. ಪಪೆಟ್‌ನಲ್ಲಾದರೆ ವಿಲೀನ ಮಾಡುವ ಮೊದಲು ಸಣ್ಣ ಬ್ರಾಂಚ್‌ನ ಎನ್ವಿರಾನ್‌ಮೆಂಟ್ ಅನ್ನು ಆ ಒಂದು ಸರ್ವರ್‌ಗೆ ಕೊಡಿ. ಒಂದು ಪೂರ್ತಿ ದಿನ, ಅಂದರೆ ಬೆಳಗಿನ ರಷ್ ಮತ್ತು ರಾತ್ರಿಯ ಬ್ಯಾಕಪ್ ಎರಡೂ ಕಳೆಯುವವರೆಗೆ, ಅದನ್ನು ಗಮನಿಸಿ. ಆಮೇಲೆ ಉಳಿದವಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಶುಕ್ರವಾರ ಸಂಜೆ ಮಾತ್ರ ಬೇಡ. ಔಟರ್ ರಿಂಗ್ ರೋಡ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ನಿಮ್ಮ ಸಹೋದ್ಯೋಗಿ ಕ್ಯಾಬ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ರೋಲ್‌ಬ್ಯಾಕ್ ಮಾಡುವಂತೆ ಆಗಬಾರದು.